ಗ್ರೋನಿಂಗೆನ್: ನಾಲ್ಕಾಗಿ ವಿಂಗಡಗೊಂಡ ನಗರ

ಎರಡನೆಯ ಮಹಾಯುದ್ಧದ ತರುವಾಯ ನೆದರ್‌ಲ್ಯಾಂಡ್ಸ್‌ನ ನಗರಗಳು ಕಾರುಗಳಿಗಾಗಿ ಹಳೆಯ ಬೀದಿಗಳನ್ನು ಅಗಲಗೊಳಿಸುತ್ತ ಹೋದುದರ ಬೆಲೆಯನ್ನು ನಡೆದಾಡುವವರೂ ಸೈಕಲ್ ಸವಾರರೂ ತೆತ್ತರು. 1971ರಲ್ಲಿ ಆ ದೇಶದ ರಸ್ತೆಗಳಲ್ಲಿ ಸತ್ತ ಮೂರು ಸಾವಿರಕ್ಕೂ ಹೆಚ್ಚು ಜನರಲ್ಲಿ ನಾನೂರಕ್ಕೂ ಮಿಕ್ಕಿ ಮಕ್ಕಳಿದ್ದರು ಎಂಬ ಸಂಗತಿಯು ಪಾಲಕರನ್ನು ಚಳವಳಿಗೆ ಇಳಿಸಿತು. ಈ ಹಿನ್ನೆಲೆಯಲ್ಲಿ ಉತ್ತರದ ಗ್ರೋನಿಂಗೆನ್ ನಗರಾಡಳಿತವು ಮ್ಯಾಕ್ಸ್ ವಾನ್ ಡೆನ್ ಬೆರ್ಗ್ ಅವರ ಮುಂದಾಳತ್ವದಲ್ಲಿ ರೂಪಿಸಿ 1977ರ ಸೆಪ್ಟೆಂಬರಿನಲ್ಲಿ ಜಾರಿಗೆ ತಂದ ಸಂಚಾರ ಪರಿಚಲನಾ ಯೋಜನೆ, ಅಂದರೆ ಯಾವ ವಾಹನ ಯಾವ ಬೀದಿಯಲ್ಲಿ ಯಾವ ದಿಕ್ಕಿಗೆ ಸಾಗಬಹುದೆಂಬುದನ್ನು ಇಡೀ ನಗರಕೇಂದ್ರಕ್ಕೆ ಒಟ್ಟಾಗಿ ಗೊತ್ತುಪಡಿಸುವ ವ್ಯವಸ್ಥೆ, ವಿಶೇಷ ಗಮನಕ್ಕೆ ಅರ್ಹವಾಗಿದೆ. ಹಳೆಯ ಪೇಟೆಯನ್ನು ನಾಲ್ಕು ಭಾಗಗಳಾಗಿ ವಿಂಗಡಿಸಿ, ಒಂದರಿಂದ ಇನ್ನೊಂದಕ್ಕೆ ಕಾರು ನೇರವಾಗಿ ದಾಟದಂತೆ ತಡೆದು, ಕೇಂದ್ರವನ್ನು ಬಳಸಿದ ವರ್ತುಲ ರಸ್ತೆಗೆ ಮರಳಿಯೇ ಸಾಗಬೇಕೆಂದು ವಿಧಿಸಲಾಯಿತು. ನಡೆಯುವವರಿಗೂ ಸೈಕಲ್ ಸವಾರರಿಗೂ ಆ ಗಡಿಗಳು ತೆರೆದೇ ಇದ್ದುದರಿಂದ ಅವರ ದಾರಿಯೇ ಹತ್ತಿರದ ದಾರಿಯಾಯಿತು. ಕಾರನ್ನು ಪೂರ್ತಿಯಾಗಿ ಹೊರಗಿಡದೆ ಅದರ ಹಾದಿಯನ್ನು ಸುತ್ತುಬಳಸಾಗಿಸಿದ ಈ ಉಪಾಯವೇ ಯೋಜನೆಯ ನಿಜವಾದ ಸಾಧನೆ. ಗಿರಾಕಿಗಳು ಬಾರದೆ ವ್ಯಾಪಾರ ಕೆಡುವುದೆಂದು ಅಂಗಡಿಕಾರರು (ಅವರ ಭಯವನ್ನು ಹಗುರವಾಗಿ ಕಾಣಲಾಗದು) ತೀವ್ರವಾಗಿ ವಿರೋಧಿಸಿದರೂ ಆಡಳಿತ ಹಿಂಜರಿಯಲಿಲ್ಲ. ನಾಲ್ಕು ದಶಕಗಳ ಬಳಿಕ, 2017ರಲ್ಲಿ, ಬೆಲ್ಜಿಯಮ್ಮಿನ ಗೆಂಟ್ ನಗರವೂ ಇದೇ ಕ್ರಮದಲ್ಲಿ ತನ್ನ ಕೇಂದ್ರವನ್ನು ವಿಂಗಡಿಸಿತು.