ನೀರಿನಲ್ಲಿ ಲೇಶಲೋಹ

ಹಳೇಬೀಡಿನ ಹಳೆಯ ಹೆಸರು ದೋರಸಮುದ್ರ. ಹೊಯ್ಸಳರ ರಾಜಧಾನಿಗೆ ಆ ಹೆಸರನ್ನು ಕೊಟ್ಟದ್ದು ಅಲ್ಲಿಯ ದೊಡ್ಡ ಕೆರೆ. ನೀರಿನ ವಿಷಯದಲ್ಲಿ ನಮ್ಮ ಹಿರಿಯರಿಗೆ ಮುಖ್ಯವಾಗಿದ್ದ ಪ್ರಶ್ನೆಗಳು ಎರಡು: ಎಷ್ಟಿದೆ? ಸಿಹಿಯೋ, ಸವಳೋ? ಮೊದಲನೆಯದನ್ನು ಕಣ್ಣು ಹೇಳುತ್ತಿತ್ತು; ಎರಡನೆಯದನ್ನು ನಾಲಿಗೆ.

ಆದರೆ ವಾಚಕರೇ, ಈ ಎರಡಕ್ಕೂ ನಿಲುಕದ ವಸ್ತುಗಳು ನೀರಿನಲ್ಲುಂಟು. ಕಬ್ಬಿಣ ಹೆಚ್ಚಾದರೆ ಪಾತ್ರೆಗೆ ಕೆಂಪು ಹತ್ತಿ ಗುಟ್ಟು ರಟ್ಟಾಗುತ್ತದೆ. ಸೀಸ, ಪಾಷಾಣಗಳ ಲೇಶಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ಯಾದಗಿರಿ ಜಿಲ್ಲೆಯಲ್ಲಿ ಹಳೆಯ ಚಿನ್ನದ ಗಣಿಯ ನೆರೆಯಲ್ಲಿ ಮಂಗಳೂರು ಎಂಬ ಹಳ್ಳಿಯಿದೆ. ಆ ಭಾಗದ ಅಂತರ್ಜಲದಲ್ಲಿ ಪಾಷಾಣವಿದೆಯೆಂದೂ, ಕುಡಿದವರ ಚರ್ಮದ ಮೇಲೆ ಅದರ ಗುರುತು ಮೂಡಿದೆಯೆಂದೂ 2013ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ ಒಪ್ಪುವ ಪಾಷಾಣ ಲೀಟರಿಗೆ 0.01 ಮಿಲಿಗ್ರಾಂ, ಎಂದರೆ ಒಂದು ಲಕ್ಷ ಲೀಟರಿಗೆ ಒಂದು ಗ್ರಾಂ!

ಇಷ್ಟು ಅಲ್ಪವನ್ನು ಅಳೆಯುವುದು ಹೇಗೆ? 1860ರಲ್ಲಿ ಜರ್ಮನಿಯ ಬುನ್ಸನ್ ಮತ್ತು ಕಿರ್ಖಾಫ್ ಎಂಬ ವಿದ್ವಾಂಸರು ಒಂದು ಚಿಲುಮೆಯ ನೀರಿನ ಸಾರವನ್ನು ಜ್ವಾಲೆಗೆ ಹಿಡಿದು, ಅದರ ಬೆಳಕಿನಲ್ಲಿ ಎರಡು ಹೊಸ ನೀಲಿ ಗೆರೆಗಳನ್ನು ಕಂಡರು. ಅದು ಸೀಸಿಯಂ ಎಂಬ ಹೊಸ ಲೋಹ. ಅದರ ಏಳು ಗ್ರಾಂ ಲವಣ ಪಡೆಯಲು ಸುಮಾರು 44,000 ಲೀಟರ್ ನೀರನ್ನು ಬತ್ತಿಸಬೇಕಾಯಿತು. 1955ರಲ್ಲಿ ಆಸ್ಟ್ರೇಲಿಯದ ಅಲನ್ ವಾಲ್ಷ್ ಇನ್ನೊಂದು ದಾರಿ ತೋರಿದರು: ಜ್ವಾಲೆಯಲ್ಲಿರುವ ಲೋಹದ ಪರಮಾಣುಗಳು ತಮ್ಮದೇ ಬಗೆಯ ಬೆಳಕನ್ನು ಹೀರುತ್ತವೆ, ಹೀರಿದ್ದೆಷ್ಟೆಂದು ಅಳೆದರೆ ಲೋಹದ ಪ್ರಮಾಣ ತಿಳಿಯುತ್ತದೆ.

ಕೈಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದವರು ಅಮೆರಿಕದ ಲಿಯೊನಾರ್ಡ್ ಸ್ಕೆಗ್ಸ್. ಅವರ ಯಂತ್ರ 1957ರಲ್ಲಿ ಬಳಕೆಗೆ ಬಂತು. ಸಣ್ಣ ನಳಿಕೆಯಲ್ಲಿ ಒಂದರ ಹಿಂದೊಂದು ಮಾದರಿ ಹರಿಯುತ್ತದೆ. ನಡುವಿನ ಗಾಳಿಗುಳ್ಳೆಗಳು ಅವು ಬೆರೆಯದಂತೆ ತಡೆಯುತ್ತವೆ. ರಾಸಾಯನಿಕ ಕೂಡಿದೊಡನೆ ಬಣ್ಣ ಮೂಡುತ್ತದೆ. ಬೆಳಕಿನ ಮಾಪಕ ಅದನ್ನು ಓದುತ್ತದೆ. ರಕ್ತಪರೀಕ್ಷೆಗೆಂದು ಹುಟ್ಟಿದ ಈ ಉಪಾಯ ನೀರಿಗೂ ಒದಗಿತು. ಇಂದಿನ ಪ್ರಯೋಗಶಾಲೆಗಳಲ್ಲಿ ಯಂತ್ರವೇ ಸಾಲು ಸೀಸೆಗಳಿಂದ ಮಾದರಿಗಳನ್ನು ಹೀರಿ ಹತ್ತಾರು ಲೋಹಗಳ ಲೆಕ್ಕ ಕೊಡುತ್ತದೆ.

ಆದರೂ ಸೀಸೆ ತುಂಬುವ ಕೈ ಮನುಷ್ಯನದೇ. ಸೀಸೆ ಶುದ್ಧವಾಗಿರಬೇಕು; ಲೋಹ ಅದರ ಗೋಡೆಗೆ ಅಂಟದಂತೆ ತುಸು ನೈಟ್ರಿಕ್ ಆಮ್ಲ ಬೆರೆಸಬೇಕು. ಒಂದು ಸೀಸೆ ಹೇಳುವುದು ಅಂದಿನ ಮಾತನ್ನಷ್ಟೆ. ಮಳೆಗೆ ಮುನ್ನ, ಮಳೆಯ ಬಳಿಕ, ವರ್ಷವರ್ಷವೂ ಅಳೆದರೆ ಮಾತ್ರ ಕೆರೆಬಾವಿಗಳ ನಿಜ ತಿಳಿದೀತು. ನಿಮ್ಮೂರಿನ ನೀರಿನ ಪರೀಕ್ಷೆ ನಡೆದಿದ್ದರೆ ಅದರ ಅಂಕಿಗಳನ್ನು ಪಂಚಾಯಿತಿಯಲ್ಲಿ ಕೇಳಿ ತಿಳಿಯಿರಿ. ನಡೆದಿಲ್ಲವಾದರೆ ನಡೆಸಿರೆಂದು ಕೇಳಿರಿ.