ಮೂಡಬಿದಿರೆಯ ಧವಳಾ ಪ್ರತಿಗಳು: ಪೂಜೆ ಮತ್ತು ಪಠನ

ಧರ್ಮಗ್ರಂಥವನ್ನು ಬರೆಯಿಸಿ ಅರ್ಪಿಸುವುದು ಪುಣ್ಯಕಾರ್ಯವೆಂಬ ನಂಬಿಕೆ ಭರತಖಂಡದಿಂದ ಜಪಾನಿನವರೆಗೆ ಹಬ್ಬಿತ್ತು. ಕ್ರಿ.ಶ. 1164ರಲ್ಲಿ ತೈರಾ ಮನೆತನದ ಕಿಯೊಮೊರಿಯು ಸದ್ಧರ್ಮಪುಂಡರೀಕವೇ ಮೊದಲಾದ ಬೌದ್ಧಸೂತ್ರಗಳ ಸುರುಳಿಗಳನ್ನು, ತನ್ನ ಹರಕೆಯ ಬರಹವೂ ಸೇರಿ ಒಟ್ಟು 33ನ್ನು, ಇತ್ಸುಕುಶಿಮಾ ದೇಗುಲಕ್ಕೆ ಒಪ್ಪಿಸಿದನು. ಹೊನ್ನು ಬೆಳ್ಳಿಯ ರೇಕುಗಳಿಂದಲೂ ವರ್ಣಚಿತ್ರಗಳಿಂದಲೂ ಅಲಂಕೃತವಾದ ಆ ಸುರುಳಿಗಳು ಜಗತ್ಪ್ರಸಿದ್ಧವಾಗಿವೆ. ಅದಕ್ಕೆ ನಾಲ್ಕು ದಶಕಗಳಿಗೂ ಹಿಂದೆ ಕನ್ನಡ ನಾಡಿನಲ್ಲಿ ಇಂತಹುದೇ ಕಾರ್ಯವೊಂದು ನಡೆದಿತ್ತೆಂಬುದು ಅಷ್ಟಾಗಿ ತಿಳಿದುಬಂದಿಲ್ಲ.

ಮೂಡಬಿದಿರೆಯ ಗುರುಬಸದಿಯ ಧವಳಾ, ಜಯಧವಳಾ, ಮಹಾಧವಳಾ ಎಂಬ ತಾಳೆಯೋಲೆಯ ಪ್ರತಿಗಳೇ ಇದಕ್ಕೆ ಸಾಕ್ಷಿ. ಪುಷ್ಪದಂತ-ಭೂತಬಲಿಗಳ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ರಚಿಸಿದ ಟೀಕೆಯೇ ಧವಳಾ. ಅವರು ಆರಂಭಿಸಿದ ಜಯಧವಳೆಯನ್ನು ಶಿಷ್ಯ ಜಿನಸೇನರು ಅಮೋಘವರ್ಷನ ಕಾಲದಲ್ಲಿ, ಕ್ರಿ.ಶ. 837ರಲ್ಲಿ, ಮುಗಿಸಿದರು. ಭಾಷೆ ಪ್ರಾಕೃತ-ಸಂಸ್ಕೃತ, ಲಿಪಿ ಮಾತ್ರ ಹಳೆಯ ಕನ್ನಡದ್ದು. ದಕ್ಷಿಣದಲ್ಲಿ ರೂಢಿಯಾದಂತೆ ಕಂಟದಿಂದ ಕೊರೆಯದೆ, ಮಸಿಯಿಂದಲೇ ಬರೆದುದು ಇವುಗಳ ವಿಶೇಷ. ಕೆಲವು ಓಲೆಗಳಲ್ಲಿ ಪಾರ್ಶ್ವನಾಥ, ಬಾಹುಬಲಿ, ಯಕ್ಷಿಯರು ಹಾಗೂ ಆರಾಧಕರ ವರ್ಣಚಿತ್ರಗಳಿವೆ. 1960ರ ದಶಕದಲ್ಲಿ ಸರಯೂ ದೋಶಿಯವರು ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದ ಪತ್ರಿಕೆಯಲ್ಲಿ ಈ ಚಿತ್ರಗಳನ್ನು ವಿವೇಚಿಸಿದರು.

ಇವನ್ನು ಬರೆಯಿಸಿದವರು ಯಾರು? ಧವಳೆಯ ಪ್ರಶಸ್ತಿಯಂತೆ, ದೇವಮತಿಯೆಂಬ ಶ್ರಾವಿಕೆ ಶ್ರುತಪಂಚಮಿ ವ್ರತದ ಉದ್ಯಾಪನೆಗಾಗಿ ಅದನ್ನು ಬರೆಯಿಸಿ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಶ್ರವಣಬೆಳಗೊಳದ ಶಾಸನ ಹೇಳುವಂತೆ ಶುಭಚಂದ್ರರು 1123ರಲ್ಲಿ ಸಮಾಧಿ ಹೊಂದಿದರು. ಆದಕಾರಣ ಪ್ರತಿ ಅದಕ್ಕೂ ಹಿಂದಿನದು. ಮಹಾಧವಳೆಯನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಕೊಟ್ಟವಳು ಮಲ್ಲಿಕಬ್ಬೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದ ಅತ್ತಿಮಬ್ಬೆಯ ಪರಂಪರೆ ಇವರಲ್ಲಿ ಮುಂದುವರಿದಿದೆ.

ಆದರೆ ಪೂಜ್ಯತೆಯೇ ಗ್ರಂಥಕ್ಕೆ ಬಂಧನವೂ ಆಯಿತು. ಶತಮಾನಗಳ ಕಾಲ ಯಾತ್ರಿಕರಿಗೆ ಓಲೆಗಳ ದರ್ಶನ ದೊರೆಯುತ್ತಿತ್ತು, ಪಠನ ನಿಂತುಹೋಗಿತ್ತು. 1880ರ ದಶಕದಲ್ಲಿ ಯಾತ್ರೆಗೆ ಬಂದ ಮುಂಬಯಿಯ ಸೇಠ್ ಮಾಣಿಕಚಂದ್ ಹಾಗೂ ಸೊಲ್ಲಾಪುರದ ಹೀರಾಚಂದ್ ನೇಮಚಂದ್ ಅವರು ಓಲೆಗಳು ಜೀರ್ಣವಾಗುತ್ತಿರುವುದನ್ನು ಕಂಡು ಕಳವಳಗೊಂಡರು. ಅವರ ಪ್ರಯತ್ನದಿಂದ ಆ ಶತಮಾನದ ಕೊನೆಯಲ್ಲಿ ಆರಂಭವಾದ ಪ್ರತಿಲೇಖನ ಕಾರ್ಯ ಎರಡು ದಶಕಗಳಿಗೂ ಮೀರಿ ನಡೆಯಿತು. ಹಳೆಯ ಲಿಪಿಯನ್ನು ಬಲ್ಲ ಬ್ರಹ್ಮಸೂರಿ ಶಾಸ್ತ್ರಿ, ಗಜಪತಿ ಶಾಸ್ತ್ರಿಗಳಂಥವರಿಲ್ಲದಿದ್ದರೆ ಅದು ಆಗುತ್ತಲೇ ಇರಲಿಲ್ಲ. ಪ್ರತಿಗಳು ಹೊರಹೋಗಬಾರದೆಂಬ ನಿರ್ಬಂಧವಿದ್ದರೂ ಗಜಪತಿ ಶಾಸ್ತ್ರಿಗಳು ಗುಪ್ತವಾಗಿ ಒಂದು ಪ್ರತಿ ಮಾಡಿಕೊಂಡರು. ಅದು ಸಹಾರನಪುರವನ್ನು ಸೇರಿತು.

1939ರಲ್ಲಿ ಹೀರಾಲಾಲ್ ಜೈನರು ಅಮರಾವತಿಯಿಂದ ಧವಳೆಯ ಮೊದಲ ಸಂಪುಟವನ್ನು ಹೊರತಂದಾಗ ಪ್ರತಿಯ ಪ್ರತಿಯನ್ನೇ ನಂಬಬೇಕಾಯಿತು. ಸಂಪಾದನೆಗೆ ನೆರವಾದವರಲ್ಲಿ ಬೆಳಗಾವಿ ಜಿಲ್ಲೆಯ ಸದಲಗೆಯ ಆ.ನೇ. ಉಪಾಧ್ಯೆಯವರೂ ಒಬ್ಬರು. ಮುಂದೆ ಭಟ್ಟಾರಕರ ಸಮ್ಮತಿ ದೊರೆತು, ಮೂಲದ ಓಲೆಗಳೊಡನೆ ಹೋಲಿಸಿ ಪಾಠವನ್ನು ತಿದ್ದಲು ಸಾಧ್ಯವಾಯಿತು.

ಓಲೆಯನ್ನು ಉಳಿಸಿದ್ದು ಭಕ್ತಿ. ಅದರೊಳಗಿನ ಮಾತನ್ನು ಉಳಿಸಿದ್ದು ಲಿಪಿಜ್ಞಾನ. ಲೆಕ್ಕವನ್ನೋ ಪಾಠವನ್ನೋ ಒಂದಕ್ಕೊಂದು ಹೋಲಿಸುವುದಕ್ಕೆ ಕನ್ನಡಿಗರು ಇಂದಿಗೂ ‘ತಾಳೆ ನೋಡುವುದು’ ಎನ್ನುತ್ತಾರೆ. ಹಳಗನ್ನಡ ಲಿಪಿಯನ್ನು ಓದಬಲ್ಲವರು ಇರುವವರೆಗೆ ಮಾತ್ರ ಮೂಡಬಿದಿರೆಯ ಓಲೆಗಳನ್ನು ಹೀಗೆ ತಾಳೆ ನೋಡಲು ಬಂದೀತು.