ಸೀರೆ ಉಟ್ಟು ಕುಣಿದರೆ ಎರಡು ವರ್ಷ ಜೈಲು: ನಿಜಾಮರ ಕಾಲದ ಒಂದು ಕಾಯ್ದೆ

ಮುಕ್ಕುಂದ, ಸಿಂಧನೂರು, ಮಸ್ಕಿ, ಲಿಂಗಸುಗೂರು ಎಲ್ಲವೂ 1948ರವರೆಗೆ ನಿಜಾಮರ ಸಂಸ್ಥಾನದಲ್ಲಿದ್ದವು. ರಜಾಕಾರರ ಕಾಲದ ಕಥೆಗಳನ್ನು ನಮ್ಮ ಹಿರಿಯರು ಈಗಲೂ ಹೇಳುತ್ತಾರೆ. ಆದರೆ ಅದೇ ಸರ್ಕಾರ ಫಸಲಿ 1329ರಲ್ಲಿ, ಅಂದರೆ 1919ರಲ್ಲಿ, ತಂದ ಒಂದು ಕಾಯ್ದೆಯ ಮಾತು ಯಾರ ಬಾಯಲ್ಲೂ ಬರುವುದಿಲ್ಲ.

ಆಗ ಖೋಜಾ ಎಂದು ಕರೆಯುತ್ತಿದ್ದವರ ಮೇಲಿನ ಕಾಯ್ದೆ ಅದು. ಅವರ ಹೆಸರು, ವಿಳಾಸಗಳನ್ನು ಸರ್ಕಾರ ರಿಜಿಸ್ಟರಿನಲ್ಲಿ ಬರೆದಿಡಬೇಕು. ಹೆಸರು ಸೇರಿದವರು ಹೆಣ್ಣಿನ ಉಡುಪಿನಲ್ಲಿ ಬೀದಿಗೆ ಬಂದರೆ, ಜನರ ಮುಂದೆ ಹಾಡಿ ಕುಣಿದರೆ ವಾರಂಟ್ ಇಲ್ಲದೆ ಹಿಡಿಯಬಹುದು. ಎರಡು ವರ್ಷದವರೆಗೆ ಜೈಲು. ಕದ್ದವರಲ್ಲ, ಹೊಡೆದವರಲ್ಲ. ಉಟ್ಟ ಬಟ್ಟೆಯೇ ಅಪರಾಧ. ಇದರ ಮೂಲ ಬ್ರಿಟಿಷರು 1871ರಲ್ಲಿ ಮಾಡಿದ ಅಪರಾಧಿ ಬುಡಕಟ್ಟುಗಳ ಕಾಯ್ದೆಯಲ್ಲಿದೆ.

ತಮಾಷೆ ನೋಡಿ, ಇದೇ ಸೀಮೆಯಲ್ಲಿ ಹುಲಿಗೆಮ್ಮನ ಗುಡಿಯ ಮುಂದೆ ಮುತ್ತು ಕಟ್ಟಿಸಿಕೊಂಡ ಜೋಗಪ್ಪಗಳಿಗೆ ಜನ ಕೈಮುಗಿಯುತ್ತಿದ್ದರು. ಕೊಡ ಹೊತ್ತು ಬಂದರೆ ಮರದ ತುಂಬ ಜೋಳ ನೀಡುತ್ತಿದ್ದರು. ಆದರೆ ಅಂಥ ಮಗ ನಮ್ಮ ಮನೆಯಲ್ಲೇ ಹುಟ್ಟಿದರೆ ಹೊಡೆದು ಹೊರಗೆ ಹಾಕುತ್ತಿದ್ದೆವು. ಜನರ ಭಕ್ತಿ ಗುಡಿಯ ಹೊಸ್ತಿಲಿಗೇ ನಿಲ್ಲುತ್ತಿತ್ತು ಎನ್ನುವುದು ನನ್ನ ಅಭಿಪ್ರಾಯ.

ನಿಜಾಮರು ಹೋದರು, ಕಾಯ್ದೆ ಹೋಗಲಿಲ್ಲ. ತೆಲಂಗಾಣ ಭಾಗದಲ್ಲಿ ಅದು ಪುಸ್ತಕದಲ್ಲಿ ಹಾಗೇ ಉಳಿಯಿತು. ಅಲ್ಲಿನ ಹೈಕೋರ್ಟ್ ಅದನ್ನು ರದ್ದು ಮಾಡಿದ್ದು 2023ರ ಜುಲೈನಲ್ಲಿ! ನಮ್ಮ ಕರ್ನಾಟಕವೂ ಕಮ್ಮಿ ಇಲ್ಲ. 2011ರಲ್ಲಿ ಪೊಲೀಸ್ ಕಾಯ್ದೆಗೆ 36ಎ ಎಂಬ ಸೆಕ್ಷನ್ ಸೇರಿಸಿ, ನಗರಗಳ ಪೊಲೀಸ್ ಕಮಿಷನರ್‌ಗೆ ಮತ್ತೆ ಅಂಥದ್ದೇ ರಿಜಿಸ್ಟರ್ ಇಡುವ ಅಧಿಕಾರ ಕೊಟ್ಟಿತು. ಸಮುದಾಯದವರು ಹೈಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ ಅವರನ್ನು ಹೆಸರಿಸಿದ್ದ ಆ ಪದವನ್ನು ಸರ್ಕಾರ ಕೈಬಿಟ್ಟಿತು. ಅಷ್ಟರಲ್ಲಿ, 2014ರ ಏಪ್ರಿಲ್ 15ರಂದು, ಗಂಡೋ ಹೆಣ್ಣೋ ಮೂರನೆಯವರೋ ಎಂದು ಹೇಳಿಕೊಳ್ಳುವ ಹಕ್ಕು ಆಯಾ ವ್ಯಕ್ತಿಯದೇ ಎಂದು ಸುಪ್ರೀಂ ಕೋರ್ಟ್ ಹೇಳಿಯಾಗಿತ್ತು. ಒಪ್ಪಿ ಕೂಡಿದ ಸಲಿಂಗಿಗಳು ಅಪರಾಧಿಗಳಲ್ಲ ಎಂಬ ತೀರ್ಪು 2018ರ ಸೆಪ್ಟೆಂಬರ್ 6ರದ್ದು.

ಮಂಜಮ್ಮ ಜೋಗತಿ ನಿಮಗೆಲ್ಲ ಗೊತ್ತು. ಹುಟ್ಟಿದಾಗ ಮಂಜುನಾಥ. ಎಸ್ಸೆಸ್ಸೆಲ್ಸಿವರೆಗೆ ಓದಿದ ಆ ಹುಡುಗನನ್ನು ಹುಲಿಗೆಮ್ಮನ ಗುಡಿಯಲ್ಲಿ ಜೋಗಪ್ಪನಾಗಿಸಿದರು. ಆಮೇಲೆ ಮನೆ ತಪ್ಪಿತು, ಭಿಕ್ಷೆ ಬೇಡಿದರು, ಬದುಕೇ ಬೇಡವೆಂದ ದಿನವೂ ಬಂತು. ಕೈ ಹಿಡಿದದ್ದು ಜೋಗತಿ ಕುಣಿತ. 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರ್‌ನಲ್ಲಿ ಪದ್ಮಶ್ರೀ ತಗೊಳ್ಳಲು ಹೋದವರು ರಾಷ್ಟ್ರಪತಿಗೇ ಸೆರಗಿನಿಂದ ದೃಷ್ಟಿ ತೆಗೆದರು. ಆ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬೇಕು.

ಎಲ್ಲರೂ ಮಂಜಮ್ಮ ಆಗುವುದಿಲ್ಲ. ನಡಿಗೆ ನೋಡಿ, ದನಿ ಕೇಳಿ ಹುಡುಗನಿಗೆ ಖೋಜಾ ಎಂದು ಅಡ್ಡಹೆಸರಿಟ್ಟರೆ ಅವನು ಎಂಟನೇ ಕ್ಲಾಸಿಗೇ ಶಾಲೆ ಬಿಡುತ್ತಾನೆ. ಹಳೇ ರಿಜಿಸ್ಟರ್ ಹೋದರೂ ಅದರ ಪದ ಬೈಗುಳವಾಗಿ ಉಳಿದಿದೆ. ಮೇಷ್ಟ್ರು ಒಮ್ಮೆ ಗದರಿದರೆ, ಬೆಂಚಿನ ಪಕ್ಕದ ಗೆಳೆಯ ನಗದೆ ಕೂತರೆ ಆ ಹುಡುಗ ಮರುದಿನವೂ ಬರುತ್ತಾನೆ.

ಲಿಂಗತ್ವ ಅಲ್ಪಸಂಖ್ಯಾತರಿಗಾಗಿ 2019ರಲ್ಲಿ ಬಂದ ಕೇಂದ್ರ ಕಾಯ್ದೆಯ 13ನೇ ಸೆಕ್ಷನ್ ಶಾಲೆಗಳು ಭೇದ ಮಾಡಬಾರದು ಎನ್ನುತ್ತದೆ. 18ನೇ ಸೆಕ್ಷನ್ ಪ್ರಕಾರ ಅವರನ್ನು ಹೊಡೆದು ಬಡಿದು, ಮಾತಿನಿಂದ ಹಿಂಸಿಸಿದವರಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು. 1919ರಲ್ಲೂ ಎರಡು ವರ್ಷವೇ ಇತ್ತು, ಆಗ ಸೀರೆ ಉಟ್ಟವರಿಗೆ.